ಮಗ್ಗ ನಿಂತರೆ ಎಚ್ಚರ

16 ಜನವರಿ 2008, ಬುಧವಾರ

ಔಷಧಿ ಕಂಪನಿಯವರು ಆಸ್ಪತ್ರೆಗೆ ಕೊಟ್ಟುಹೋದ ಡೈರಿ ಇದು. ಬರೆಯಲು ಏನಿದೆ ಎಂದು ಎರಡು ವಾರ ಟ್ರಂಕಿನಲ್ಲಿ ಇಟ್ಟಿದ್ದೆ. ಈಗ ಹೊತ್ತೇ ಹೊತ್ತು. ಹಗಲು ಹನ್ನೆರಡೂವರೆ. ನಾನು ಮಲಗಿರಬೇಕಾಗಿತ್ತು, ಎದ್ದು ಕೂತು ಬರೆಯುತ್ತಿದ್ದೇನೆ.

ಜಮಖಂಡಿಯ ನಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಸಿಸ್ಟರ್ ಬಾಣಂತನಕ್ಕೆ ಹೋದಳು. ಮೂರು ತಿಂಗಳು ಅವಳ ಪಾಳಿ ನನ್ನ ಕೊರಳಿಗೆ ಬಿತ್ತು. ರಾತ್ರಿ ಎಂಟರಿಂದ ಬೆಳಗಿನ ಎಂಟು. ಬಸ್ಸು ಹಿಡಿದು ಬನಹಟ್ಟಿ ಮುಟ್ಟುವಾಗ ಒಂಬತ್ತೂವರೆ. ಸ್ನಾನ, ರೊಟ್ಟಿ, ಹನ್ನೊಂದಕ್ಕೆ ಹಾಸಿಗೆ. ಹಾಸಿಗೆಯ ಆಚೆ ಒಂದು ಗೋಡೆ, ಗೋಡೆಯ ಆಚೆ ನಾಲ್ಕು ಕರೆಂಟಿನ ಮಗ್ಗ. ಖಟಾಖಟ್ ಖಟಾಖಟ್. ಹಲ್ಲಿನೊಳಗೆ ಬಡಿದಂತಾಗುತ್ತದೆ.

ದೀಪಾವಳಿಯ ತನಕ ನಾನೂ ನನ್ನ ಗಂಡನೂ ಮುಧೋಳದ ಬಾಡಿಗೆ ಮನೆಯಲ್ಲಿ ಆರಾಮಾಗಿದ್ದೆವು. ನನಗೆ ಜಮಖಂಡಿಯಲ್ಲಿ ಕೆಲಸ ಸಿಕ್ಕಿತು, ಇವರು ಬನಹಟ್ಟಿಯ ಕೂಡು ಮನೆಯಲ್ಲಿ ಇರೋಣ ಅಂದರು, ಬಂದೆವು. ಆಗ ಹಗಲು ಡ್ಯೂಟಿ, ರಾತ್ರಿ ನಡೆಯುವುದು ಎರಡೇ ಮಗ್ಗ, ಹೇಗೋ ಸಾಗುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಅನಗವಾಡಿಯಲ್ಲಿ, ಹೊಳೆಯ ದಂಡೆಗೆ. ಅಲ್ಲಿ ರಾತ್ರಿ ನಾಯಿ ಬೊಗಳಿದರೆ ಮರುದಿನ ಅದೇ ದೊಡ್ಡ ಸುದ್ದಿ.

ಇಷ್ಟು ಬರೆಯುವುದರೊಳಗೆ ಪಕ್ಕದ ಚಾಪೆಯಲ್ಲಿ ನೆಗೆಣ್ಣಿ ಶಿವಗಂಗವ್ವ ಹೊರಳಿ ಮಲಗಿದಳು. ಆಕೆಯ ವಿಷಯ ನಾಳೆ ಬರೆಯುತ್ತೇನೆ, ಇವತ್ತು ಬರೆದರೆ ಪೆನ್ನು ಮುರಿಯುತ್ತೇನೆ.

22 ಜನವರಿ, ಮಂಗಳವಾರ

ಶಿವಗಂಗವ್ವ ನನ್ನ ಮೈದುನ ಅಂದಾನೆಪ್ಪನ ಹೆಂಡತಿ. ಹಗಲು ನಾಲ್ಕೂ ಮಗ್ಗ ಅವನು ನೋಡುತ್ತಾನೆ. ರಾತ್ರಿ ಎಂಟರಿಂದ ನಾಲ್ಕರ ತನಕ ಎರಡು ಮಗ್ಗ ಇವಳು. ಆಮೇಲೆ ಮಕ್ಕಳು, ಸಾಲಿ, ಅಡುಗೆ ಮುಗಿಸಿ ಹನ್ನೊಂದಕ್ಕೆ ನಡುಮನೆಗೆ ಬಂದು ನನ್ನ ಪಕ್ಕ ಚಾಪೆ ಹಾಸುತ್ತಾಳೆ. "ಅಕ್ಕಾರ, ಸ್ವಲ್ಪ ಅಡ್ಡಾಗ್ತೇನ್ರಿ" ಅನ್ನುತ್ತಾಳೆ. ಆ "ರಿ" ಮುಗಿಯುವುದರೊಳಗೆ ನಿದ್ದೆ. ಸುಳ್ಳಲ್ಲ, ಕೈಗಡಿಯಾರ ನೋಡಿದ್ದೇನೆ. ನಿನ್ನೆ ಒಂದೂವರೆ ನಿಮಿಷ. ಇವತ್ತು ಅದೂ ಆಗಲಿಲ್ಲ.

ಏನು ಪುಣ್ಯ ಮಾಡಿ ಬಂದಿದ್ದಾಳೋ! ಒಂದು ಕೈ ತಲೆಯಡಿ, ಒಂದು ಕಾಲು ಮಡಚಿ, ತುಟಿಯ ಮೇಲೆ ನೊಣ ಕೂತರೂ ಖಬರಿಲ್ಲ. ನಾನು ಎರಡೂ ಕಿವಿಗೆ ಹತ್ತಿ ತುರುಕಿ, ತಲೆಗೆ ದುಪ್ಪಟಿ ಸುತ್ತಿ, ತೊಲೆ ಎಣಿಸುತ್ತೇನೆ. ಹನ್ನೊಂದು ತೊಲೆ ಇವೆ. ಎರಡು ಗಂಟೆಗೆ ಆಕೆ ಎದ್ದು ಮುಖ ತೊಳೆದರೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯ ಹಾಗೆ ಕಾಣುತ್ತಾಳೆ. ನಾನು ಕನ್ನಡಿ ನೋಡಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಇವತ್ತು ಅತ್ತೆ ಚಹಾ ಕುಡಿಯುತ್ತ ಅಂದರು: "ಸಣ್ಣಾಕಿ ನೋಡು, ರಾತ್ರಿ ಎಲ್ಲಾ ದುಡದ್ರೂ ಮಾರಿ ಮ್ಯಾಲ ಹೆಂಗ ಕಳಾ ಐತಿ. ನೀ ಕುಂತ ಸೂಜಿ ಚುಚ್ಚಾಕಿ, ನಿನಗ್ಯಾಕ ಇಷ್ಟ ದಣವು?"

ಕುಂತು ಸೂಜಿ ಚುಚ್ಚುತ್ತೇನಂತೆ! ಮೈಯೆಲ್ಲ ಉರಿಯಿತು. ಶಿವಗಂಗವ್ವ ಬಾಯಿ ಹಾಕಿ, "ಅಕ್ಕಾರಿಗೆ ಇನ್ನೂ ರೂಢಿ ಆಗಿಲ್ಲ ಬಿಡ್ರಿ ಅತ್ತಿ" ಅಂದಳು. ನನ್ನ ಪರವಾಗಿ ಮಾತಾಡಿದ್ದಕ್ಕೆ ಇನ್ನೂ ಹೆಚ್ಚು ಉರಿಯಿತು.

ಈಗೀಗ ರೋಗಿಗಳ ಮೇಲೂ ಹೊಟ್ಟೆಕಿಚ್ಚು ಬರುತ್ತಿದೆ. ಮುರಿದ ಕಾಲಿನವನೂ ಗೊರಕೆ ಹೊಡೆಯುತ್ತಾನೆ.

29 ಜನವರಿ, ಮಂಗಳವಾರ

ಇವತ್ತು ಕೆಲಸ ಹೋಗುತ್ತಿತ್ತು.

ಬೆಳಗಿನ ಆರಕ್ಕೆ ಆರನೇ ನಂಬರಿನ ರೋಗಿಯ ಇನ್ಸುಲಿನ್ ಸಿರಿಂಜಿಗೆ ತುಂಬಿಕೊಂಡು ಒಂಬತ್ತನೇ ನಂಬರಿನ ಹತ್ತಿರ ಹೋಗಿ ನಿಂತಿದ್ದೆ. ಒಂಬತ್ತನೆಯವನು ನಿಂಗಣ್ಣ, ಹರ್ನಿಯಾ ಆಪರೇಷನ್ ಆದ ಮುದುಕ. ತೋಳು ಒರೆಸಿದೆ. ಸೂಜಿ ಇನ್ನೇನು ತಾಗಬೇಕು.

"ಸಿಸ್ಟರಾ, ಇದ ಎದಕ್ಕರಿ?"

"ಸಕ್ಕರಿ ಬ್ಯಾನಿಗೆ."

"ನನಗೆಲ್ಲೈತಿ ಸಕ್ಕರಿ ಬ್ಯಾನಿ? ನಾ ಉಪ್ಪಿಟ್ಟಿಗೂ ಸಕ್ಕರಿ ಹಚಗೊಂಡ ತಿನ್ನಾಂವ."

ಪಕ್ಕದ ಹಾಸಿಗೆಯವರು ನಕ್ಕರು. ನಾನು ಸಿರಿಂಜ್ ಹಿಡಿದು ಅಲ್ಲೇ ನಿಂತೆ. ಬಾಗಿಲಲ್ಲಿ ಡಾಕ್ಟರ್ ಬಾಯಾರು ನಿಂತಿದ್ದರು. ಎಂಟು ಗಂಟೆಗೆ ತಮ್ಮ ಕೋಣೆಗೆ ಕರೆದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಆ ಮುದುಕಪ್ಪ ಮಲಗಿದ್ದರ ಏನಾಗ್ತಿತ್ತು ನಿಮಗ ಗೊತ್ತೈತಿ. ಇನ್ನೊಂದ ಸಲ ಹಿಂಗಾದ್ರ ನಿಮ್ಮನ್ನ ಇಟ್ಕೊಳ್ಳಾಕ ಆಗೂದಿಲ್ಲ. ಮೊದಲ ನಿದ್ದಿ ಮಾಡ್ರಿ" ಅಂದರು.

ಮನೆಗೆ ಬಂದೆ. ಶಿವಗಂಗವ್ವ ಮಲಗಿದ್ದಳು. ಆಕೆಯ ಮುಖ ನೋಡುತ್ತ ಎಷ್ಟು ಹೊತ್ತು ಕೂತೆನೋ. ಈ ಒಂದು ಮನೆಗೆ ಬಂದ ನಿದ್ದೆಯನ್ನೆಲ್ಲ ಇವಳೇ ಬಳಿದುಕೊಂಡಿದ್ದಾಳೆ ಅನಿಸಿತು.

31 ಜನವರಿ, ಗುರುವಾರ

ಬಾಯಾರು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಬೆಳಗಿನ ಜಾವ ಚಹಾ ಬಿಡಬೇಕು. ಬಸ್ಸಿನಲ್ಲಿ ಬರುವಾಗ ಕಣ್ಣಿಗೆ ಕರಿ ಕನ್ನಡಕ ಹಾಕಬೇಕು. ಕಿಟಕಿಗೆ ಕಪ್ಪು ಬಟ್ಟೆ. ದಿನಾ ಅದೇ ಹೊತ್ತಿಗೆ ಹಾಸಿಗೆ, ರಜೆಯ ದಿನವೂ. ಪಾಳಿಯಲ್ಲಿ ಸಾಧ್ಯವಾದರೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಬಹುದು, ಆಯಾ ಎಚ್ಚರವಿದ್ದಾಗ ಮಾತ್ರ. ನಿದ್ದೆ ಗುಳಿಗೆ ಕೇಳಿದೆ, ಕೊಡಲಿಲ್ಲ. ಕೊನೆಯಲ್ಲಿ ಬರೆದದ್ದು: ಶಾಂತ ಕೋಣೆ.

ಬನಹಟ್ಟಿಯಲ್ಲಿ ಶಾಂತ ಕೋಣೆ ಎಲ್ಲಿದೆಯಂತೆ?

ಕನ್ನಡಕ ಹಾಕಿಕೊಂಡು ಬಸ್ಸಿನಿಂದ ಇಳಿದರೆ ಓಣಿಯ ಹೆಂಗಸರು, "ಕಣ್ಣ ಬಂದಾವೇನ್ರಿ?" ಅಂದರು. ಕಿಟಕಿಗೆ ಇವರ ಹಳೆಯ ಕಪ್ಪು ಕೋಟು ಹೊಡೆದೆ. ಗಂಡ ಶಿವಯೋಗಿ ಮುಧೋಳದ ಸಾಲಿಯಲ್ಲಿ ಗುಮಾಸ್ತ, ಬೆಳಿಗ್ಗೆ ಹೋದರೆ ಸಂಜೆ ಬರುವುದು. ಕೆಲಸ ಹೋಗುವಂತಿದೆ ಎಂದೆ. "ಹೋದ್ರ ಹೋಗ್ಲಿ ಬಿಡು, ಶಿವಗಂಗಾನ ಜೋಡಿ ಮಗ್ಗ ಕಲಿ" ಅಂದರು. ನಗುತ್ತ ಅಂದದ್ದೇ. ಆದರೂ ಊಟ ಸೇರಲಿಲ್ಲ.

7 ಫೆಬ್ರುವರಿ, ಗುರುವಾರ

ಅಮಾವಾಸ್ಯೆ. ಓಣಿಯಲ್ಲಿ ಮಗ್ಗ ಬಂದ್. ಹನ್ನೊಂದಕ್ಕೆ ಮಲಗಿದವಳು ಎದ್ದದ್ದು ಐದಕ್ಕೆ. ಆರು ತಾಸು! ನನ್ನ ಕೈಕಾಲು ನನಗೆ ವಾಪಸು ಸಿಕ್ಕವು.

ಆದರೆ ಇದಕ್ಕಿಂತ ಸಂತೋಷದ ಸಂಗತಿ ಬೇರೆ. ಎದ್ದು ಹೊರಗೆ ಬಂದರೆ ಶಿವಗಂಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಕೆಂಪಗೆ, ಮುಖ ಇಳಿದು ಹೋಗಿತ್ತು.

"ಮಲಗಲಿಲ್ಲೇನ ಬೇ?"

"ಎಲ್ಲಿ ನಿದ್ದಿರಿ ಅಕ್ಕಾರ. ಅಮಾಸಿ ದಿನಾ ನನ್ನ ಹಣೇಬರಾ ಇದ. ಮಗ್ಗ ನಿಂತ್ರ ಎದಿ ಧಸಕ್ಕಂತೈತಿ. ಏನರ ಆತು ಅನಸ್ತೈತಿ."

ಹುಟ್ಟಿದ್ದು ರಬಕವಿಯ ಮಗ್ಗದ ಮನೆಯಲ್ಲಂತೆ. ತೊಟ್ಟಿಲನ್ನು ಮಗ್ಗದ ಪಕ್ಕವೇ ಕಟ್ಟಿದ್ದರಂತೆ. ನಾನು, "ಅಯ್ಯ ಪಾಪ" ಅಂದೆ. ಒಳಗೆ ಸಕ್ಕರೆ ಹಂಚಬೇಕು ಅನ್ನುವಷ್ಟು ಖುಷಿ. ಹಾಗಾದರೆ ಇವಳ ನಿದ್ದೆಗೂ ಒಂದು ಕೀಲಿ ಇದೆ.

9 ಫೆಬ್ರುವರಿ, ಶನಿವಾರ

ಇದನ್ನು ಬರೆಯಬಾರದು. ಬರೆಯುತ್ತೇನೆ.

ಹನ್ನೊಂದೂವರೆ. ಆಕೆ ಮಲಗಿದ್ದಳು, ತುಟಿಯಲ್ಲಿ ಸಣ್ಣ ನಗೆ ಬೇರೆ. ಆ ನಗೆ ನೋಡಿ ತಡೆಯಲಾಗಲಿಲ್ಲ. ಎದ್ದು ಪಡಸಾಲೆಗೆ ಹೋದೆ. ಅಲ್ಲಿ ಮೀಟರ್ ಬೋರ್ಡು. ಅತ್ತೆ ಗುಡಿಗೆ ಹೋಗಿದ್ದರು. ಮೇನ್ ಕೆಳಗೆ ಮಾಡಿದೆ, ಮಗ್ಗದ ಫ್ಯೂಸ್ ಎಳೆದು ಅದರ ತಂತಿ ಬಿಚ್ಚಿದೆ, ಬರಿದಾದ ಫ್ಯೂಸ್ ಸಿಗಿಸಿ ಮೇನ್ ಮೇಲೆ ಮಾಡಿ ಓಡಿ ಬಂದು ಮಲಗಿದೆ. ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ.

ನಿದ್ದೆಗಾಗಿ ಮಾಡಿದೆನೆಂದು ಬರೆದುಕೊಳ್ಳಬಹುದು. ಯಾರಿಗೆ ಸುಳ್ಳು ಹೇಳಲಿ? ಆಕೆ ಏಳುವುದನ್ನು ನೋಡಬೇಕಾಗಿತ್ತು. ಕಣ್ಣು ಮುಚ್ಚಿ ರೆಪ್ಪೆಯ ಸಂದಿಯಿಂದ ನೋಡುತ್ತಿದ್ದೆ. ಧಡಕ್ಕನೆ ಎದ್ದು ಕೂತಳು, ಎದೆಯ ಮೇಲೆ ಕೈ ಇಟ್ಟುಕೊಂಡಳು. ಆಹಾ! ಆಮೇಲೆ ಏನಾಯಿತೋ ನೋಡಲಿಲ್ಲ, ಸುಮ್ಮನೆ ಕಣ್ಣು ಮುಚ್ಚಿ ಬಿದ್ದಿದ್ದೆ. ಮಗ್ಗ ಮತ್ತೆ ಸುರುವಾದಾಗ ಎರಡು ಗಂಟೆ ಹೊಡೆದಿತ್ತು. ಗಡಿಯಾರವೇ ಮುಂದೆ ಓಡುತ್ತಿದೆಯೋ ಏನೋ.

ಅಂದಾನೆಪ್ಪ, "ಫ್ಯೂಜ್ ಹೋಗಿತ್ತರಿ ವೈನಿ, ಮನ್ಯಾಗ ವಾಯರ್ ಇರಲಿಲ್ಲ, ಬಜಾರಕ್ಕ ಹೋಗಿ ತಂದೆ" ಅಂದ.

13 ಫೆಬ್ರುವರಿ, ಬುಧವಾರ

ಮತ್ತೊಮ್ಮೆ. ಮತ್ತೆ ಎರಡು ತಾಸು ಮಗ್ಗ ಬಂದ್. ಮತ್ತೆ ವಾಯರ್ ಇಲ್ಲವಂತೆ. ಮೊನ್ನೆ ತಂದದ್ದು ಎಲ್ಲಿ ಹೋಯಿತು ಎಂದು ಅವನು ಹುಡುಕಿದ್ದೇ ಹುಡುಕಿದ್ದು. ಈ ಮನೆಯಲ್ಲಿ ಇಟ್ಟದ್ದು ಇಟ್ಟಲ್ಲಿ ಇರುವುದಿಲ್ಲ, ಎಲ್ಲದಕ್ಕೂ ಹೀಗೇ.

18 ಫೆಬ್ರುವರಿ, ಸೋಮವಾರ

ಕೆಲಸ ಸರಾಗ ನಡೆದಿದೆ. ರಾತ್ರಿ ಎರಡು ಹೆರಿಗೆ, ಒಂದು ಹಾವು ಕಚ್ಚಿದ ಕೇಸು. ಎಲ್ಲಿಯೂ ತಪ್ಪಲಿಲ್ಲ. ಬಾಯಾರು, "ಈಗ ಛಲೋ ಆತು ನೋಡ್ರಿ, ಕನ್ನಡಕದ ಗುಣ" ಅಂದರು. ಇರಬಹುದು. ಈ ವಾರ ನನ್ನ ಅಕ್ಷರವೂ ಗುಂಡಗೆ ಬರುತ್ತಿದೆ.

ಶಿವಗಂಗವ್ವ ಮಾತ್ರ ಸೊರಗಿದಂತೆ ಕಾಣುತ್ತಾಳೆ. ಇವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅತ್ತೆ ಬೈದರು. ನಾನು ಮೂರು ಸಲ ಬಡಿಸಿಕೊಂಡು ಉಂಡೆ.

21 ಫೆಬ್ರುವರಿ, ಗುರುವಾರ

ಮೂರನೇ ಸಲ. ಈ ಸಲ ಏಳುವಾಗ ಆಕೆ ಎದೆ ಹಿಡಿದುಕೊಳ್ಳಲಿಲ್ಲ. ಎದ್ದು ಕೂತು ನೆಟ್ಟಗೆ ನನ್ನ ಕಡೆ ನೋಡಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ.

ಅಂದಾನೆಪ್ಪ ತಲೆ ಕೆಡಿಸಿಕೊಂಡಿದ್ದಾನೆ. "ಲೋಡ್ ಹೆಚ್ಚಾಕತ್ತೈತಿ, ಲೈನ್‌ಮನ್‌ಗ ಹೇಳಬೇಕು" ಎಂದು ಓಡಾಡುತ್ತಾನೆ. ಓಡಾಡಲಿ.

26 ಫೆಬ್ರುವರಿ, ಮಂಗಳವಾರ

ನಾಲ್ಕನೇ ಸಲ. ಮಧ್ಯಾಹ್ನ ಎರಡರ ತನಕ ಒಳ್ಳೆಯ ಜೊಂಪು. ಬಸ್ಸಿಗೆ ಹೊರಟಾಗ ಶಿವಗಂಗವ್ವ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಬಾಗಿಲಿಗೆ ಒರಗಿ ಆಕಳಿಸುತ್ತಿದ್ದಳು. ಇಷ್ಟು ದಿನ ನಾನು ಹಾಗೇ ಆಕಳಿಸಿದ್ದೇನೆ, ಯಾರು ಕೇಳಿದರು?

27 ಫೆಬ್ರುವರಿ, ಬುಧವಾರ

ನಸುಕಿನ ಮೂರಕ್ಕೆ ಶಿವಗಂಗವ್ವನನ್ನು ಟಂಟಂ ಗಾಡಿಯಲ್ಲಿ ನಮ್ಮ ಆಸ್ಪತ್ರೆಗೆ ಕರೆತಂದರು. ಮಗ್ಗದ ಬದಿಯ ಹಲ್ಲಿನ ಗಾಲಿಯಲ್ಲಿ ಬಲಗೈ ತೋರುಬೆರಳು. ನಿಂತಲ್ಲೇ ಕಣ್ಣು ಹತ್ತಿತಂತೆ. ಮೇಲಿನ ಗೆಣ್ಣು ಹೋಯಿತು. ಬಾಯಾರು ಹೊಲಿಗೆ ಹಾಕಿದರು. ಕೈ ಹಿಡಿದುಕೊಂಡವಳು ನಾನು.

28 ಫೆಬ್ರುವರಿ, ಗುರುವಾರ

ತೋರುಬೆರಳು ಮತ್ತು ಹೆಬ್ಬೆರಳಿನ ನಡುವೆ ಹರಿದ ಎಳೆ ಹಿಡಿದು ಒಂದು ತಿರುವು ತಿರುವಿದರೆ ಗಂಟು. ಆಕೆ ನೋಡದೆಯೇ ಹಾಕುತ್ತಿದ್ದಳು. ಓಣಿಯಲ್ಲಿ ಅಷ್ಟು ಚುರುಕಾಗಿ ಗಂಟು ಹಾಕುವವರು ಇಲ್ಲವೆಂದು ಅತ್ತೆ ಯಾವಾಗಲೂ ಹೇಳುತ್ತಿದ್ದರು. ಅದಕ್ಕೂ ನಾನು ಮುಖ ತಿರುಗಿಸುತ್ತಿದ್ದೆ.

ಅತ್ತೆ ಆಸ್ಪತ್ರೆಗೆ ಬಂದು ಮಗನಿಗೆ ಬೈದರು. "ಒಂದ ಫ್ಯೂಜ್ ನೆಟ್ಟಗ ಮಾಡಾಕ ಬರಲಿಲ್ಲ ನಿನಗ. ದಿನಾ ಹಾಳಾದ ಮಗ್ಗ ನಿಂತು ಹುಡಿಗಿ ನಿದ್ದಿ ಕೆಡ್ತು. ನಿನ್ನ ಸಲವಾಗಿ ಬೆರಳ ಹೋತು." ಅಂದಾನೆಪ್ಪ ಗೋಡೆಯ ಕಡೆ ತಿರುಗಿ ನಿಂತ. "ಹೌದ ಬೇ ಯವ್ವಾ, ನನ್ನ ತಪ್ಪ" ಅಂದ. ನಾನು ಟ್ರೇ ಹಿಡಿದುಕೊಂಡು ಅಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಛೀ.

1 ಮಾರ್ಚ್, ಶನಿವಾರ

ಎರಡು ರಾತ್ರಿ ಆಕೆ ಕಣ್ಣು ಮುಚ್ಚಿಲ್ಲ. ನೋವಿಗೆ ಇಂಜೆಕ್ಷನ್ ಇದೆ, ನೋವು ಕಡಿಮೆಯೇ ಇದೆ. ವಾರ್ಡು ಶಾಂತವಾಗಿದೆ, ಅದೇ ಆಕೆಗೆ ಆಗದು. ನಿನ್ನೆ ರಾತ್ರಿ ಸ್ಟೋರಿನಲ್ಲಿ ಬಿದ್ದಿದ್ದ ಹಳೆಯ ಕೂಲರ್ ಎಳೆದು ತಂದೆ. ಒಂದು ಮೂಲೆಯ ಕೋಣೆ ಖಾಲಿ ಇತ್ತು, ಆಕೆಯ ಹಾಸಿಗೆ ಅಲ್ಲಿಗೆ ಹಾಕಿದೆ. ಗಾಳಿ ಬಡಿಯದಂತೆ ಕೂಲರಿನ ಮುಖ ಗೋಡೆಗೆ ತಿರುಗಿಸಿ ಚಾಲೂ ಮಾಡಿದೆ. ಗಡಗಡ ಗಡಗಡ, ತಗಡು ಕಿತ್ತು ಬರುವಂತೆ. ಆಯಾ ನನಗೆ ಹುಚ್ಚು ಹಿಡಿದಿದೆ ಅಂದುಕೊಂಡಳು. ಶಿವಗಂಗವ್ವ ಮಾತ್ರ ನಕ್ಕಳು.

ಆಮೇಲೆ ಅಂದಳು: "ಅಕ್ಕಾರ, ಫ್ಯೂಜ್ ತಗೀತಿದ್ದವ್ರು ನೀವಂತ ನನಗ ಗೊತ್ತೈತ್ರಿ."

ಕೂಲರ್ ಸದ್ದಿನಲ್ಲಿ ಕೇಳಿಸದವಳಂತೆ ನಟಿಸಬಹುದಾಗಿತ್ತು. ಸ್ಟೂಲು ಎಳೆದು ಹತ್ತಿರ ಕೂತೆ.

"ಸುಟ್ಟ ಫ್ಯೂಜಿಗೆ ಮಸಿ ಹಿಡದಿರ್ತೈತ್ರಿ. ಇದು ಸ್ವಚ್ಛ ಇತ್ತು. ಮೊದಲನೇ ದಿನಾನ ನೋಡಿದ್ನಿ."

"ಮತ್ತ ಯಾಕ ಹೇಳಲಿಲ್ಲ?"

"ಒಳಗ ಬಂದ ನೋಡಿದ್ರ ನೀವು ಬಾಯಿ ತಕ್ಕೊಂಡ ಮಲಗಿದ್ರಿ. ಜೊಲ್ಲ ಸೋರಿ ದಿಂಬ ತೊಯ್ದಿತ್ತು. ನೀವು ಈ ಮನಿಗೆ ಬಂದಾಗಿಂದ ಹಂಗ ಮಲಗಿದ್ದ ನಾ ನೋಡಿದ್ದಿಲ್ಲ. ಅದಕ್ಕ ಇವ್ರಿಗೆ ವಾಯರ್ ಇಲ್ಲ ಅಂದ್ನಿ. ಸೆರಗಿನ್ಯಾಗ ಕಟಗೊಂಡ ಕುಂತಿದ್ನಿ. ನಾಕೂ ಸಲ."

ಎಬ್ಬಿಸಬೇಕೆಂದೇ ಎಬ್ಬಿಸಿದೆ ಎಂದು ಹೇಳಿದೆ. ನಿನ್ನ ನಿದ್ದೆ ಕಂಡು ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು ಎಂದೆ. ಇಷ್ಟು ಹೇಳುವಾಗ ಮೂಗು ಬಾಯಿ ಎಲ್ಲ ಒಂದಾಗಿತ್ತು.

"ಅದೂ ಗೊತ್ತೈತ್ರಿ. ನೀವು ಗಡಿಯಾರ ನೋಡ್ತಿದ್ದದ್ದು ನನಗ ಕಾಣಸ್ತಿತ್ತು." ದುಪ್ಪಟಿ ಎಳೆದುಕೊಂಡು, "ಯಾರ ಮುಂದೂ ಹೇಳಬ್ಯಾಡ್ರಿ. ಹೇಳಿದ್ರ ನಿಮ್ಮ ಮರ್ಯಾದಿ ಹೊಕ್ಕೈತಿ, ನನ್ನ ಬೆರಳೇನ ತಿರಗಿ ಬರೂದಿಲ್ಲ" ಅಂದು ಮಲಗಿಬಿಟ್ಟಳು. ಎರಡು ನಿಮಿಷವೂ ಹಿಡಿಯಲಿಲ್ಲ.

ನಿದ್ದೆಯಲ್ಲಿ ಗೆದ್ದಿದ್ದಳು, ಒಳ್ಳೆಯತನದಲ್ಲಿಯೂ ಗೆದ್ದಳು. ನನಗೆ ಏನು ಉಳಿಸಿದ್ದಾಳೆ? ಇಂಥ ಹೊತ್ತಿನಲ್ಲಿಯೂ ಇದನ್ನೇ ಬರೆಯುತ್ತಿದ್ದೇನೆ, ಎಂಥ ಹೆಂಗಸು ನಾನು.

6 ಮಾರ್ಚ್, ಗುರುವಾರ

ಶಿವರಾತ್ರಿ. ಜಾಗರಣೆಗೆ ಇಡೀ ಓಣಿ ಹುರುಪಿನಲ್ಲಿದೆ. ನನಗೆ ದಿನಾ ಶಿವರಾತ್ರಿ, ಒಂದು ಬಿಲ್ವಪತ್ರಿಯೂ ಏರಿಸದೆ.

ಶಿವಗಂಗವ್ವ ಮನೆಗೆ ಬಂದಿದ್ದಾಳೆ. ಅಂದಾನೆಪ್ಪ ಈಗ ಹಗಲೂ ರಾತ್ರಿ ಮಗ್ಗ ತಾನೇ ನೋಡುತ್ತಾನೆ. ಗಡ್ಡ ಬಿಟ್ಟಿದ್ದಾನೆ, ಉಣ್ಣಲು ಕರೆದರೆ ಆಮೇಲೆ ಅನ್ನುತ್ತಾನೆ. ಹೊಸ ಫ್ಯೂಸ್ ಹಾಕಿಸಿದ್ದಾನೆ. ದಿನಕ್ಕೆ ಮೂರು ಸಲ ಬೋರ್ಡು ತೆರೆದು ನೋಡುತ್ತಾನೆ. ನಿನ್ನೆ ರಾತ್ರಿ ಮೂರರ ಹೊತ್ತಿಗೆ ಅವನೂ ಮಗ್ಗದ ಮುಂದೆ ಒಮ್ಮೆ ತೂಕಡಿಸಿ ಬಿದ್ದನೆಂದು ಅತ್ತೆ ಹೇಳಿದರು. ಇನ್ನೊಂದು ಬೆರಳಿಗೆ ಕಾಯುತ್ತಿದ್ದೇವೆಯೇ?

ನಾನು ಆಕೆಯ ತಲೆ ಬಾಚುತ್ತೇನೆ, ಕಲಸಿ ಉಣಿಸುತ್ತೇನೆ. ಅತ್ತೆ, "ದೊಡ್ಡಾಕಿ ಬಂಗಾರದಂಥಾಕಿ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಈ ಮಾತಿಗಾಗಿ ನಾಲ್ಕು ತಿಂಗಳು ಕಾದಿದ್ದೆ. ಕೇಳಿ ಬಾಚಣಿಗೆ ಕೆಳಗಿಟ್ಟು ಎದ್ದು ಹೋದೆ.

11 ಮಾರ್ಚ್, ಮಂಗಳವಾರ

ಹೇಳಿದೆ.

ಬೆಳಿಗ್ಗೆ ಬಸ್ಸಿನಿಂದ ಇಳಿದವಳು ಸ್ನಾನವನ್ನೂ ಮಾಡದೆ ನೆಟ್ಟಗೆ ಮಗ್ಗದ ಮನೆಗೆ ಹೋದೆ. ನಾಲ್ಕೂ ಮಗ್ಗ ನಡೆಯುತ್ತಿದ್ದವು. ಅಂದಾನೆಪ್ಪ ಹರಿದ ಎಳೆ ಹುಡುಕುತ್ತ ಬಗ್ಗಿದ್ದ. ಇಲ್ಲಿ ಹೇಳಿದರೆ ಅವನೊಬ್ಬನಿಗೇ ಕೇಳಿಸುತ್ತದೆ, ಅತ್ತೆಗೂ ಓಣಿಗೂ ಕೇಳಿಸದು. ಲೆಕ್ಕ ಹಾಕಿಯೇ ಬಂದಿದ್ದೆ. ಹತ್ತಿರ ಹೋಗಿ ಕಿವಿಯ ಬಳಿ, "ಫ್ಯೂಸ್ ತಗೀತಿದ್ದಾಕಿ ನಾನ ಅಂದಾನೆಪ್ಪ" ಎಂದೆ.

ಅವನು ಕಿವಿಗೆ ಕೈ ಹಚ್ಚಿದ. ಇನ್ನೊಮ್ಮೆ ಹೇಳಿದೆ. ತಲೆ ಅಲ್ಲಾಡಿಸಿದ. ವೈನಿ ಏನೋ ದೊಡ್ಡ ಮಾತು ಹೇಳುತ್ತಿದ್ದಾರೆ ಎಂದು ನನ್ನ ಮುಖ ನೋಡಿಯೇ ತಿಳಿದಿರಬೇಕು. ಮರ್ಯಾದೆಯಿಂದ ಹೋಗಿ ಒಂದೊಂದೇ ಮಗ್ಗ ನಿಲ್ಲಿಸಿದ. ಒಂದು, ಎರಡು, ಮೂರು, ನಾಲ್ಕು. ಬಂದು ಎದುರಿಗೆ ನಿಂತ.

"ಏನಂದ್ರಿ ವೈನಿ?"

ಮನೆ ಸುಮ್ಮನಾಯಿತು. ಅತ್ತೆ ರೊಟ್ಟಿ ತಟ್ಟುವ ಸದ್ದು ನಿಂತಿತು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಮತ್ತ ಫ್ಯೂಜ್ ಹೋತೇನಲೇ?" ಅಂದರು. ಇವರ ರಜೆ ಇವತ್ತೇ ಇರಬೇಕೇ, ಪೇಪರ್ ಹಿಡಿದುಕೊಂಡು ಹಿಂದೆಯೇ ಬಂದರು. ನಡುಮನೆಯಿಂದ ಶಿವಗಂಗವ್ವ ಬ್ಯಾಂಡೇಜಿನ ಕೈಯನ್ನು ಎದೆಗೆ ಹಿಡಿದು ಎದ್ದು ಬಂದಳು. ನನ್ನನ್ನು ನೋಡಿ, ಬೇಡ ಎಂದು ತಲೆ ಅಲ್ಲಾಡಿಸಿದಳು.

ಫ್ಯೂಸ್ ಹೋಗಿಲ್ಲ ಎಂದೆ. ಯಾವತ್ತೂ ಹೋಗಿರಲಿಲ್ಲ, ನಾಲ್ಕು ಸಲವೂ ತಂತಿ ಬಿಚ್ಚಿದವಳು ನಾನು, ಶಿವಗಂಗಾ ಮಲಗಿದ್ದು ನೋಡಲಾಗದೆ ಬಿಚ್ಚಿದೆ, ಅಂದಾನೆಪ್ಪನದು ಏನೂ ತಪ್ಪಿಲ್ಲ. ಅಷ್ಟು ಶಾಂತಿಯಲ್ಲಿ ನನ್ನ ದನಿ ಬಹಳ ದೊಡ್ಡದಾಗಿ ಕೇಳಿಸಿತು.

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಇವರು ಪೇಪರ್ ಮಡಚಿದರು, ಮತ್ತೆ ಮಡಚಿದರು. ಅಂದಾನೆಪ್ಪ ಕೈ ಒರೆಸಿಕೊಂಡ. "ಬೆರಳ ಹೋತಲ್ರಿ ವೈನಿ" ಅಂದ, ಅಷ್ಟೇ. ನನ್ನ ಪಕ್ಕದಿಂದ ದಾಟಿ ಓಣಿಗೆ ಇಳಿದು ಹೋದ.

ಶಿವಗಂಗವ್ವ ಚಪ್ಪಲಿ ಇಲ್ಲದ ಕಾಲಲ್ಲಿ ಮಗ್ಗದ ಹತ್ತಿರ ಬಂದಳು. ನನ್ನ ಮೇಲೆ ಸಿಟ್ಟಿತ್ತು, ಖರೆ ಸಿಟ್ಟು. ಬೆರಳು ಹೋದ ದಿನವೂ ಆ ಮುಖದಲ್ಲಿ ಅದನ್ನು ನೋಡಿರಲಿಲ್ಲ.

"ಹೇಳಬ್ಯಾಡ್ರಿ ಅಂದ್ರ ಕೇಳಲಿಲ್ಲ. ಹೇಳಿದ್ರಿ. ಆತಲ್ಲ? ಇನ್ನ ಮಗ್ಗ ಚಾಲೂ ಮಾಡ್ರಿ. ನನಗ ನಿದ್ದಿ ಬಂದೈತಿ."

ನನಗೆ ಮಗ್ಗ ಚಾಲೂ ಮಾಡಲು ಬರುವುದಿಲ್ಲ ಎಂದೆ. ಆಕೆ ಎಡಗೈಯಿಂದ ನನ್ನ ಕೈ ಹಿಡಿದು, ಮೊದಲು ಯಾವುದು ಒತ್ತಬೇಕು, ಆಮೇಲೆ ಯಾವ ಹಿಡಿಕೆ ಎಳೆಯಬೇಕು ಎಂದು ತೋರಿಸಿದಳು. ಒಂದೇ ಮಗ್ಗ ಸುರುವಾಯಿತು. ಅದು ಸಾಕು ಅಂದಳು. ಹೋಗಿ ಮಲಗಿದಳು.

ನಾನು ಬಾಗಿಲಲ್ಲಿ ನಿಂತು, ಒಂದು ಕಣ್ಣು ಮಗ್ಗದ ಮೇಲೆ, ಒಂದು ಕಣ್ಣು ಆಕೆಯ ಮೇಲೆ ಇಟ್ಟಿದ್ದೆ. ನಿದ್ದೆ ಬಂತು ಆಕೆಗೆ. ಸುಳ್ಳು ಯಾಕೆ ಬರೆಯಲಿ, ಈಗಲೂ ಹೊಟ್ಟೆ ಉರಿಯಿತು. ಮಗ್ಗ ಮಾತ್ರ ನಿಲ್ಲಿಸಲಿಲ್ಲ.